ಮಂಗಳವಾರ ರಜೆ

ತೊಕ್ಕೊಟ್ಟಿನಲ್ಲಿ ಅಪ್ಪನ ಸೆಲೂನಿಗೆ ಮಂಗಳವಾರ ರಜೆ.
ಅಂದು ಬೆಳಗ್ಗೆ ಹೇಳದೆ ಕೇಳದೆ ಬಸ್ಸು ಹತ್ತಿ
ಕೊಣಾಜೆಯ ಗುಡ್ಡೆಗೆ ಬಂದಿದ್ದಾರೆ,
ಇಸ್ತ್ರಿಯ ಬಿಳಿ ಅಂಗಿ, ಕಿಸೆಯಲ್ಲಿ ಬಾಚಣಿಗೆ ಮಾತ್ರ ಹಾಗೇ.
"ಐದು ವರ್ಷದಿಂದ ಬೇರಿನ ಕೂದಲು ಬೇರಿನ ಕೂದಲು ಅಂತೀಯಲ್ಲ,
ತೋರಿಸು ನೋಡುವ."

ಲವೀನಾ ಮೇಡಂ ತಮ್ಮ ಸ್ಟೂಲು ಬಿಟ್ಟುಕೊಟ್ಟರು.
ಅಪ್ಪ ಕನ್ನಡಕ ಹಣೆಗೇರಿಸಿ ಬಗ್ಗಿದರು
ಗಿರಾಕಿಯ ಕುತ್ತಿಗೆ ನೋಡುವ ಹಾಗೆ.

ಗಾಜಿನ ಮೇಲೆ ಐದು ದಿನದ ಬೇರು,
ಸಾಸಿವೆಯ ಬಡ ದಾಯಾದಿಯದು, ನೂಲಿಗಿಂತ ತೆಳು.
ತುದಿ ನುಣ್ಣಗೆ. ಅದರ ಮೇಲಕ್ಕೆ
ಒಂದೊಂದೇ ಜೀವಕೋಶ ತನ್ನ ಮೈಯನ್ನೇ ಹೊರಗೆ ಚಾಚಿ
ನೀರು ತಡಕುತ್ತ ನಿಂತಿದೆ.
"ಎರಡು ದಿನದ ಗಡ್ಡ," ಎಂದರು.
ಮತ್ತೆ, ತಲೆ ಎತ್ತದೆ:
"ಸಾಲು ಹಿಡಿದು ಬಂದಿದೆಯಲ್ಲ. ಗೆರೆ ಎಳೆದದ್ದು ಯಾರು?"

ಅದನ್ನೇ ಅಪ್ಪ, ನಾನೂ ಕೇಳುತ್ತಿರುವುದು.

ಹೊರಪದರದ ಕೋಶಗಳೆಲ್ಲ ಹುಟ್ಟಿನಲ್ಲಿ ಸಮ.
ಎಲ್ಲರ ಹೊಟ್ಟೆಯಲ್ಲೂ ಅದೇ ಓಲೆ,
ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ.
ಒಳಸಾಲಿನ ಎರಡು ಮನೆಗಳ ನಡುವೆ ಓಣಿಯಿದೆಯಲ್ಲ,
ಅದರ ಮೇಲೆ ಬಿದ್ದವನಿಗೆ ಕೂದಲು;
ಒಂದೇ ಮನೆಯ ಬೆನ್ನಿಗೆ ಒರಗಿದವನು ಬೋಳ.
ಇಷ್ಟೇ. ಕೂತ ಜಾಗ.

ಬೋಳನೊಳಗೆ ಜೀನೊಂದು ಎಚ್ಚರವಿದ್ದು
ಬೇಡ, ಬೇಡ ಎನ್ನುತ್ತಿರುತ್ತದೆ ಹಗಲೂ ರಾತ್ರಿ.
ಆದರೆ ಅದೇ ಬೋಳ
ಗೋಡೆಯ ಕಿಂಡಿಯಿಂದ ಪಕ್ಕದವನಿಗೆ
ಚಿಕ್ಕದೊಂದು ಪ್ರೋಟೀನು ದಾಟಿಸುತ್ತಾನೆ:
ನನಗಂತೂ ಇಲ್ಲ, ನೀನಾದರೂ ಬೆಳೆಸಿಕೋ.

ಅಪ್ಪ ತಮ್ಮ ನೆತ್ತಿ ಸವರಿಕೊಂಡರು.
ಮೂವತ್ತೆಂಟು ವರ್ಷ ಊರವರ ಕ್ರಾಪು ತಿದ್ದಿದ ಕೈ.
ಮೊದಲು ಅವರೇ ನಕ್ಕರು, ಆಮೇಲೆ ಮೇಡಂ.

ಮುಂದಿನ ಗಾಜು: ಜೀನು ಕೆಟ್ಟ ಗಿಡ,
ಬೇರಿನ ಸುತ್ತ ಸಂದಿಲ್ಲದ ರೋಮ.
ಇದಕ್ಕೆ ತೋಳಮನುಷ್ಯ ಅಂತ ಹೆಸರಿಟ್ಟಿದ್ದಾರೆ ಎಂದೆ.
ಇನ್ನೊಂದರ ಹೆಸರು ಬೋಳು. ಆದರೆ
ಎಲೆಯ ಮೇಲೆ ಕೂದಲು ಬರಿಸುವುದು ಅದೇ,
ಬೇರಿನಲ್ಲಿ ತಡೆಯುವುದೂ ಅದೇ.
"ಹೆಸರಿಡುವವರು ಎಲ್ಲ ಕಡೆ ಹೀಗೆಯೇ."

ಅಪರೂಪಕ್ಕೆ ಕೋಶವೊಂದು ಉದ್ದಕ್ಕೆ ಸೀಳುತ್ತದೆ.
ಇಬ್ಬರು ಮಕ್ಕಳಲ್ಲಿ ಒಬ್ಬಳು ಪಕ್ಕಕ್ಕೆ ಜಾರುತ್ತಾಳೆ.
ಅಮ್ಮ ಬೋಳಿಯೇ ಇರಲಿ,
ಓಣಿಯ ಮೇಲೆ ಬಿದ್ದ ಮಗಳಿಗೆ ಕೂದಲು ಬರುತ್ತದೆ.
"ಜಾಗ ಬದಲಾದರೆ ಹಣೆಬರಹ ಬದಲಾಗ್ತದಾ?"
ಎಳೆಯದರಲ್ಲಾದರೆ ಆಗ್ತದೆ ಅಪ್ಪ.

ಅವರು ಬಹಳ ಹೊತ್ತು ಸ್ಕ್ರೂ ತಿರುಗಿಸಿದರು,
ಬೇರು ಮಸುಕಾಗಿ, ಸ್ಪಷ್ಟವಾಗಿ, ಮಸುಕಾಗಿ.
ಅಜ್ಜ ಗುತ್ತಿನ ಮನೆಯ ಅಂಗಳ ದಾಟಿದವರಲ್ಲ;
ಕ್ಷೌರವೆಲ್ಲ ಹಿತ್ತಿಲ ತೆಂಗಿನ ಬುಡದಲ್ಲಿ,
ಮುಗಿದ ಮೇಲೆ ಕೂತ ಕಲ್ಲಿಗೂ ನೀರು ಹೊಯ್ಯುತ್ತಿದ್ದರಂತೆ.
ಅಪ್ಪ ಅದನ್ನು ಹೇಳಲಿಲ್ಲ.
ಹೇಳದಿದ್ದದ್ದು ನನಗೆ ಕೇಳಿಸಿತು.

ಸಂಜೆ ಬಸ್ ನಿಲ್ದಾಣದಲ್ಲಿ ನೆನಪಾಯಿತು:
ಪ್ರತಿ ಶನಿವಾರ ರಾತ್ರಿ ಅಂಗಡಿ ಗುಡಿಸಿ
ತೊಕ್ಕೊಟ್ಟಿನ ಕೂದಲನ್ನೆಲ್ಲ ಗೋಣಿಗೆ ತುಂಬಿ
ನಮ್ಮ ಮೂರು ತೆಂಗಿನ ಬುಡಕ್ಕೆ ಸುರಿಯುತ್ತಾರೆ,
ಕಪ್ಪು, ಬಿಳಿ, ಮದರಂಗಿ ಹಚ್ಚಿದ್ದು,
ಸಾಹುಕಾರರದು, ಮೀನು ಲಾರಿಯವರದು.
"ಅಪ್ಪ, ತೆಂಗಿನ ಬೇರಿಗೆ ಕೂದಲೇ ಇಲ್ಲ, ಗೊತ್ತುಂಟಾ?"

"ಇಲ್ಲ ಅಂತಲೇ ಹಾಕುವುದು ಮಾರಾಯ್ತಿ."

ಮುಡಿಪಿನಿಂದ ಬಸ್ಸು ಬಂತು.
ಹತ್ತಿ, ಕಿಟಕಿಯಿಂದ ಕೈ ಹೊರಗೆ ಹಾಕಿ
ಕಂಡಕ್ಟರನತ್ತ ಕಣ್ಣು ತೋರಿಸಿ ಕೂಗಿದರು:
ಕಿವಿಯ ಹಿಂದೆ ಸರಿಯಾಗಿ ಕತ್ತರಿಸಿಲ್ಲ ನೋಡು,
ಯಾವ ಅಂಗಡಿಯದ್ದೋ ಏನೋ.